ಇಂಗ್ಲೆಂಡಿನ ಹೊಳೆಯಲ್ಲಿ ನಮ್ಮ ಮಾಮಾ

ನಮ್ಮ ಮಾಮಾನ ಜೊತೆ ಹೊರಗೆ ಹೋಗಿ ನಾಚಿಕೆಪಡದೆ ಮನೆಗೆ ಬಂದವರು ಕಲಬುರಗಿಯಲ್ಲಿ ಒಬ್ಬರೂ ಇರಲಿಲ್ಲ. ಆದರೆ ಇಂಗ್ಲೆಂಡಿನವರೆಗೆ ಹೋಗಿ ನಾಚಿಕೆಪಟ್ಟವನು ನಾನೊಬ್ಬನೇ!

ಮಾಮಾ ಎಂದರೆ ನಮ್ಮವ್ವನ ಅಣ್ಣ. ಮನೆ ಕಮಲಾಪುರದಲ್ಲಿ, ಬಟ್ಟೆ ಅಂಗಡಿ ಕಲಬುರಗಿಯಲ್ಲಿ. ನಿಜಾಮರ ಆಡಳಿತ ಮುಗಿದಿತ್ತು, ಹೈದರಾಬಾದ್ ಇನ್ನೂ ಒಂದು ರಾಜ್ಯವಾಗಿಯೇ ಇತ್ತು. ಇಂಗ್ಲೆಂಡಿಗೆ ಓದಲು ಹೋದ ನಾನು ಎಲ್ಲಿ ಬಿಳಿ ಮೇಮನ್ನು ಕಟ್ಟಿಕೊಳ್ಳುತ್ತೇನೋ ಎಂದು ಅವ್ವನಿಗೆ ದಿಗಿಲು; ನನ್ನನ್ನು ಕರೆತರಲು ಮಾಮಾನನ್ನೇ ಅಟ್ಟಿದಳು. ನನ್ನ ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ಮಾಮಾ ಹಡಗಿನಿಂದ ಇಳಿದ. ತಲೆಗೆ ರುಮಾಲು, ಉಟ್ಟದ್ದು ಧೋತರ, ಬಗಲಲ್ಲಿ ಖಡಕ್ ರೊಟ್ಟಿಯ ಗಂಟು. ಮೇಮ್ ಎಲ್ಲಿದ್ದಾಳೆ ಎಂದು ಕೇಳಿದ. ಅಜ್ಜಿಯಂತಿದ್ದ ನನ್ನ ಮನೆಯೊಡತಿಯನ್ನು ತೋರಿಸಿದೆ. ನೋಡಿದವನೇ ಸಮಾಧಾನದಿಂದ ಕೈಮುಗಿದ.

ಆಕೆಯ ತಮ್ಮನ ಬಳಿ ಒಂದು ಉದ್ದನೆಯ ದೋಣಿಯಿತ್ತು. ಬೇಸಿಗೆಯ ಒಂದು ಭಾನುವಾರ ಅವನು ನಮ್ಮಿಬ್ಬರನ್ನೂ ಹೊಳೆಯ ಮೇಲೆ ಕರೆದೊಯ್ದ. ದೋಣಿಯ ಅಗಲವೋ, ನಮ್ಮ ಪಡಸಾಲೆಯ ಮಂಚದಷ್ಟು. "ಇದು ದೋಣಿನೋ, ನೀರಾಗಿನ ಓಣಿನೋ?" ಎಂದ ಮಾಮಾ. ಏನಂದರು ಎಂದು ದೋಣಿಯ ಸಾಹೇಬ ಕೇಳಿದ. ಬಹಳ ಹೊಗಳಿದರು ಎಂದೆ.

ವೇಗವಂತೂ ಕೇಳಬೇಡಿ. ದಂಡೆಯ ಮೇಲೆ ನಡೆಯುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹಾಗೆ ಹೋದ ಪ್ರತಿಯೊಬ್ಬರಿಗೂ ಮಾಮಾ ಎದ್ದು ನಿಂತು "ಶರಣ್ರೀ" ಎನ್ನುತ್ತಿದ್ದ. ಪರಿಚಯವಿಲ್ಲದೆ ಬಾಯಿಬಿಡದ ಆ ಜನ ಏನು ಮಾಡಬೇಕು? ಹ್ಯಾಟು ಎತ್ತಿ ಬೇಗ ಬೇಗ ಹೆಜ್ಜೆ ಹಾಕಿದರು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

ಮಧ್ಯಾಹ್ನ ಸಾಹೇಬ ಸೌತೆಕಾಯಿ ಇಟ್ಟ ಬ್ರೆಡ್ಡು ಕೊಟ್ಟ. ಇದೇ ಊಟವೆಂದು ತಿಳಿದು ಮಾಮಾನಿಗೆ ಅವನ ಮೇಲೆ ಕನಿಕರ ಹುಟ್ಟಿತು. ರೊಟ್ಟಿ ಮುರಿದು, ಅದರ ಮೇಲೆ ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ ಸುರಿದು ತಿನ್ನಿಸಿದ. ಸಾಹೇಬನ ಕಣ್ಣಲ್ಲಿ ಧಾರಾಕಾರ ನೀರು. ಪಾಪ, ತಾಯಿಯ ನೆನಪಾಗಿರಬೇಕು ಎಂದು ಮಾಮಾ ಅವನ ಬೆನ್ನು ಸವರಿದ. ನನಗೆ ಹೊಳೆಗೆ ಹಾರಿಬಿಡಲೇ ಎನಿಸಿತು.

ಅಷ್ಟರಲ್ಲಿ ದಂಡೆಯ ಮೇಲೆ ಒಬ್ಬ ಮುದುಕಿ ಎರಡು ಚೀಲ ಹೊತ್ತು ನಡೆದು ಬರುವುದು ಕಾಣಿಸಿತು. ಮಾಮಾ ದಿಗ್ಗನೆ ಎದ್ದ. "ನಿಂದ್ರಸ್ರೀ" ಎಂದ ಸಾಹೇಬನಿಗೆ, ಅಚ್ಚ ಕನ್ನಡದಲ್ಲಿ. ಇಲ್ಲಿ ಗುರುತಿಲ್ಲದವರನ್ನು ಕರೆಯುವ ಪದ್ಧತಿಯಿಲ್ಲವೆಂದು ಧೋತರದ ಚುಂಗು ಎಳೆದೆ. ಕೇಳಲಿಲ್ಲ. ಸಾಹೇಬ ದೋಣಿಯನ್ನು ದಂಡೆಗೆ ತಂದ. ಮುದುಕಿ ಗೊಂದಲಪಟ್ಟಳು, ಆದರೆ ದಣಿದಿದ್ದಳು, ಹತ್ತಿದಳು. ಮಾಮಾ ತನ್ನ ಮೆತ್ತೆ ಅವಳಿಗೆ ಕೊಟ್ಟು ಕೆಳಗೆ ಕುಳಿತ. ಮುಂದಿನ ಸೇತುವೆಯ ಬಳಿ ಅವಳು ಇಳಿದಾಗ ಚೀಲಗಳನ್ನು ತಾನೇ ಹೊತ್ತು ದಂಡೆಗಿಟ್ಟ.

ಅವನು ಬಂದು ಕುಳಿತ ಮೇಲೆ, ನಾಚಿಕೆಯಿಂದ ನನ್ನ ಜೀವ ಹೋಯಿತು ಎಂದು ಸಿಡುಕಿದೆ.

"ನಾಚಿಕಿ ಅಂದ್ರ ನಿನಗೇನ್ ಗೊತ್ತೋ ತಮ್ಮಾ," ಎಂದ. ಅವನ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿಜಾಮರ ಆಡಳಿತವನ್ನು ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ ಊರಿಗೆ ಊರೇ ಹೆದರಿದ್ದಾಗ, ಮಾಮಾ ಮನೆಯವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಕಮಲಾಪುರ ಬಿಟ್ಟು ಗಡಿಯಾಚೆಯ ಸೋಲಾಪುರದ ಕಡೆ ಹೊರಟಿದ್ದ. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದ್ದ ನೆರೆಮನೆಯ ಮುದುಕಿ, ಎಲ್ಲರ ಬಾಯಲ್ಲಿ ಆಯಿ, ದಾರಿಯಲ್ಲಿ ನಿಂತಿದ್ದಳು.

"ಗಾಡಿ ತುಂಬ ಅಂಗಡಿ ಬಟ್ಟಿ ಹೇರಿದ್ದೆ. ನನ್ನೂ ಹತ್ತಿಸ್ಕೋ ಅಂತ ಆಯಿ ಕೈ ಎತ್ತಿದಳು. ನಾ ಮಾರಿ ತಿರುವಿದೆ."

ಆಮೇಲೆ ಅವಳಿಗೇನಾಯಿತು ಎಂದು ಹೆದರುತ್ತಲೇ ಕೇಳಿದೆ.

"ಏನೂ ಆಗಿಲ್ಲ, ಅದಾಳ. ದಿನಾ ಎದುರಿಗೆ ಬರ್ತಾಳ, ಉಂಡಿ ಏನಪ್ಪಾ ಅಂತಾಳ."

ಆಮೇಲೆ ಅವನು ಯಾರಿಗೂ ಶರಣ್ರೀ ಎನ್ನಲಿಲ್ಲ. ಒಮ್ಮೆಯಾದರೂ ಅನ್ನಬಾರದೇ ಎಂದು ನನಗೇ ಅನಿಸತೊಡಗಿತು.

ಇಬ್ಬರೂ ಒಟ್ಟಿಗೇ ಊರಿಗೆ ಮರಳಿದೆವು. ಕಮಲಾಪುರದಲ್ಲಿ ಇಳಿದವನು ತನ್ನ ಮನೆಗೂ ಹೋಗದೆ ನೆಟ್ಟಗೆ ಆಯಿಯ ಬಾಗಿಲಿಗೆ ನಡೆದ. ಅವಳು ತೊಗರಿ ಹಸನು ಮಾಡುತ್ತಿದ್ದಳು. ಮಾಮಾ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ.

"ಹುಚ್ಚಪ್ಪಾ," ಎಂದಳು ಆಯಿ, "ಹತ್ತಾಕ ಎತ್ತಿದ ಕೈ ಅಲ್ಲೋ ಅದು. ಹುಷಾರಾಗಿ ಹೋಗ್ರಿ ಅಂತ ಬೀಸಿದ್ದೆ."

ಮಾಮಾ ಅದನ್ನು ನಂಬಲಿಲ್ಲ; ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಯಿ ಒಳಗಿನಿಂದ ಒಂದು ಕೆಂಪು ಬಾಳೆಹಣ್ಣು ತಂದು, ಕೂಸಿಗೆ ಸುಲಿದಂತೆ ಸಿಪ್ಪೆ ಸುಲಿದು ಅವನ ಕೈಯಲ್ಲಿಟ್ಟಳು. ತಲೆ ಎತ್ತದೆಯೇ ಅವನು ಅದನ್ನು ತಿಂದ.