ಮಜ್ಜಿಗೆಗೆ ಬಿದ್ದ ಪ್ರಯೋಗ

ಆವತ್ತಿನ ರಾಮಾಯಣಕ್ಕೆಲ್ಲ ಮೂಲ ಒಂದು ನೀಲಿ ಥರ್ಮಾಸ್ ಫ್ಲಾಸ್ಕು. ಅದರ ತುಂಬ ಐಸು ತುಂಬಿಕೊಂಡು ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ಹೊರಟ ವಿಜ್ಞಾನದ ಮೇಷ್ಟ್ರು ತ್ರಿವಿಕ್ರಮರ ನಡಿಗೆಯಲ್ಲಿ ಮದುವಣಿಗನ ಠೀವಿಯಿತ್ತು.

“ಇವತ್ತೇ ಕೊನೆ ಕಣೇ ಸತ್ಯಭಾಮಾ. ಇನ್ಮೇಲೆ ಆ ಭದ್ರಾವತಿ ಬಸ್ಸಿನ ಮುಖ ನೋಡಲ್ಲ,” ಎಂದರು ಹೆಂಡತಿಗೆ.

“ಮೊದ್ಲು ಐಸು ಕರಗದ ಹಾಗೆ ನೋಡ್ಕೊಳ್ಳಿ,” ಎಂದಳು ಆಕೆ.

ವಿಷಯ ಇಷ್ಟೆ. ಒಂಬತ್ತು ವರ್ಷದಿಂದ ಮೇಷ್ಟ್ರು ಭದ್ರಾವತಿ ನ್ಯೂ ಟೌನಿನ ಶಾಲೆಗೆ ದಿನವೂ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತಿದ್ದರು. ಈಗ ಶಿವಮೊಗ್ಗದ ಶಿಕ್ಷಕರ ತರಬೇತಿ ಕೇಂದ್ರದಲ್ಲಿ, ಅವರ ಮನೆಯಿಂದ ಹತ್ತೇ ನಿಮಿಷದ ದಾರಿಯಲ್ಲಿ, ಒಂದು ಜಾಗ ಖಾಲಿಯಾಗಿತ್ತು. ಅಧಿಕಾರಿ ಷಡಕ್ಷರಪ್ಪನವರು ಇವತ್ತು ಶಾಲೆಗೆ ಬಂದು, ಪಾಠ ನೋಡಿ, ಯಾರನ್ನು ಕಳಿಸಬೇಕೆಂದು ಅಲ್ಲೇ ಹೇಳಿಬಿಡುವವರಿದ್ದರು. ಪಾಠ ವಸ್ತುವಿನ ಮೂರು ಸ್ಥಿತಿಗಳದ್ದು. ಐಸು ಕರಗುವುದು, ನೀರು ಕುದಿಯುವುದು, ಕರ್ಪೂರ ನೀರಾಗದೆ ನೇರವಾಗಿ ಆವಿಯಾಗುವುದು, ಎಲ್ಲ ಮಕ್ಕಳ ಕಣ್ಣೆದುರೇ. ಗೆಲುವಿನ ಬಗ್ಗೆ ಮೇಷ್ಟ್ರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಫ್ಲಾಸ್ಕು, ಕರ್ಪೂರ, ಸ್ಟೌ ಮೂರನ್ನೂ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, ಬೋರ್ಡಿನ ಮೇಲೆ ಚಿತ್ರ ಬರೆಯಲು ಹೋದರು. ಬಂದು ನೋಡಿದರೆ ಫ್ಲಾಸ್ಕಿನ ಮುಚ್ಚಳ ಬಿಚ್ಚಿತ್ತು.

“ನನ್ನ ಐಸೆಲ್ಲಿ?”

“ಸಾಹೇಬ್ರ ಮಜ್ಜಿಗೆಗೆ ಹಾಕ್ದೆ ಸಾರ್,” ಎಂದರು ಕನ್ನಡದ ಟೀಚರ್ ಉಮಾಮಹೇಶ್ವರಿ. ಶಾಲೆಯ ಹಿಂದಿನ ಬೀದಿಯಲ್ಲೇ ಮನೆ; ಅತಿಥಿ ಬಂದರೆಂದರೆ ಸೆರಗು ಸಿಕ್ಕಿಸಿ ನಿಲ್ಲುವ ಹೆಂಗಸು. “ಬಿಸಿಲಲ್ಲಿ ಬಂದಿದ್ರು ಪಾಪ. ನೀವು ಅವರಿಗಂತ್ಲೇ ತಂದಿದ್ದಲ್ವಾ?”

ಒಳಗೆ ಷಡಕ್ಷರಪ್ಪನವರು ಪ್ರಯೋಗದ ಕೊನೆಯ ತುಂಡನ್ನು ಕಟಕಟನೆ ಕಡಿಯುತ್ತಿದ್ದರು.

ಹೋಗಲಿ, ಕರ್ಪೂರವಿದೆಯಲ್ಲ ಎಂದು ತಿರುಗಿದರೆ, ಹೆಡ್ ಮಾಸ್ತರ್ ಪುಟ್ಟಯ್ಯ ಸರಸ್ವತಿಯ ಪಟಕ್ಕೆ ಮಂಗಳಾರತಿ ಎತ್ತಿ, ತಟ್ಟೆ ಹಿಡಿದು ಎದುರಿಗೇ ಬಂದರು.

“ತಗೊಳ್ಳಿ ಮೇಷ್ಟ್ರೇ. ಎಂಥ ಕರ್ಪೂರ ತಂದಿದ್ದೀರಿ ಮಾರಾಯ್ರೆ, ಒಂಚೂರೂ ಉಳೀದ ಹಾಗೆ ಉರೀತು!”

ಉರಿಯುವುದು ರಾಸಾಯನಿಕ ಬದಲಾವಣೆ, ಅದು ಮುಂದಿನ ಪಾಠ ಎಂದುಕೊಂಡು ಮೇಷ್ಟ್ರು ಆರತಿಯನ್ನು ಕಣ್ಣಿಗೊತ್ತಿಕೊಂಡರು. ಸ್ಟೌ ಹುಡುಕುವ ಕೆಲಸವಿರಲಿಲ್ಲ. ಅದರ ಮೇಲೆ ಸಾಹೇಬರಿಗೆಂದು ಬೇಯುತ್ತಿದ್ದ ಉಪ್ಪಿಟ್ಟಿನ ಘಮ ಇಡೀ ಶಾಲೆಗೆ ಹಬ್ಬಿತ್ತು.

ಮೂರೂ ಕೈಬಿಟ್ಟವು. ಆದರೆ ತ್ರಿವಿಕ್ರಮ ಸೋಲುವ ಆಸಾಮಿಯಲ್ಲ.

“ಎಲ್ಲ ಮೈದಾನಕ್ಕೆ ನಡೀರಿ! ಈಗ ನೀವೇ ಕಣಗಳು,” ಎಂದರು ಮಕ್ಕಳಿಗೆ. “ನೀವೆಲ್ಲ ಸೇರಿ ಒಂದು ಐಸು. ಹೆಗಲಿಗೆ ಹೆಗಲು ಹಚ್ಚಿ ಸಾಲಾಗಿ ನಿಲ್ಲಿ. ಜಾಗ ಬಿಡೋ ಹಾಗಿಲ್ಲ, ನಿಂತಲ್ಲೇ ನಡುಗ್ಬೇಕು.”

ನಲವತ್ತು ಮಕ್ಕಳು ಚಳಿಜ್ವರ ಬಂದವರಂತೆ ನಡುಗಿದರು. “ಈಗ ಶಾಖ ಕೊಡ್ತೀನಿ!” ಎಂದು ಮೇಷ್ಟ್ರು ತಗಡಿನ ಡಬ್ಬ ಬಡಿಯತೊಡಗಿದರು. ಪೆಟ್ಟು ಜೋರಾದಂತೆ ಹೆಗಲ ಹಿಡಿತ ಸಡಿಲಿತು, ಸಾಲು ಮುರಿಯಿತು. ಮಕ್ಕಳು ಒಬ್ಬರನ್ನೊಬ್ಬರು ಸವರಿಕೊಂಡು ಜಗಲಿಗೆ ಹರಿದು, ಜಗಲಿಯ ಆಕಾರಕ್ಕೇ ತುಂಬಿಕೊಂಡರು. ಇನ್ನೂ ಜೋರಾಗಿ ಬಡಿದಾಗ ಅನಿಲವಾಗಿ ಮೈದಾನದ ಮೂಲೆಮೂಲೆಗೂ ಚದುರಿದರು.

“ಸಾರ್, ಗಗನಾ ಗೇಟು ದಾಟಿ ಹೋದ್ಲು!” ಎಂದು ಒಬ್ಬ ಕೂಗಿದ.

“ಅನಿಲ ಅಂದ್ರೆ ಹಾಗೇ. ಮುಚ್ಚಳ ತೆಗೆದ್ರೆ ನಿಲ್ಲಲ್ಲ.”

ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮೈದಾನದ ಅನಿಲವೆಲ್ಲ ಅಡುಗೆಮನೆಯತ್ತ ಧಾವಿಸಿ, ಬಾಗಿಲಲ್ಲಿ ದ್ರವವಾಗಿ, ತಟ್ಟೆ ಹಿಡಿದು ಅಲುಗದ ಘನಸಾಲಾಗಿ ನಿಂತಿತು. ಆ ಸಾಲಿನ ಮೊದಲಲ್ಲಿ ಗಗನಾ ಇದ್ದಳು.

ಮೈದಾನದ ಅಂಚಿನಲ್ಲಿ ನಿಂತು ಎಲ್ಲ ನೋಡುತ್ತಿದ್ದ ಷಡಕ್ಷರಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಪಾಠ ನೋಡಿರ್ಲಿಲ್ಲ ಮಾರಾಯ್ರೆ!”

ಮೇಷ್ಟ್ರ ಎದೆ ಉಬ್ಬಿತು. ಮನಸ್ಸಿನಲ್ಲೇ ಭದ್ರಾವತಿ ಬಸ್ಸಿನಿಂದ ಇಳಿದೂ ಬಿಟ್ಟರು.

“ಇಂಥವರನ್ನ ಮಕ್ಕಳಿಂದ ಕಿತ್ಕೊಂಡ್ರೆ ನಂಗೆ ಪಾಪ ತಟ್ಟುತ್ತೆ,” ಎಂದು ಅಧಿಕಾರಿಗಳು ಮುಂದುವರಿಸಿದರು. “ಹೆಡ್ ಮಾಸ್ತರೇ, ರಿಟೈರ್ ಆಗೋ ತನಕ ಇವರು ಇಲ್ಲೇ ಇರ್ಲಿ. ನಾನೇ ಬರೆದು ಕೊಡ್ತೀನಿ.”

“ಹಾಗಾದ್ರೆ ತರಬೇತಿ ಕೇಂದ್ರ ಸಾರ್?” ಮೇಷ್ಟ್ರು ಕೇಳಿದರು.

“ಅಲ್ಲಿ ಪಾಠಕ್ಕಿಂತ ವ್ಯವಸ್ಥೆ ಮುಖ್ಯ ರೀ. ದಿನಾ ನೂರು ಜನ ಬರ್ತಾರೆ. ಈ ಬಿಸಿಲಲ್ಲೂ ಎಲ್ಲಿಂದ್ಲೋ ಐಸು ಹುಡುಕಿ ಮಜ್ಜಿಗೆಗೆ ಹಾಕಿದ್ರಲ್ಲ, ಆ ಮೇಡಂ ಹೋಗ್ಲಿ.”

ಸಂಜೆ ಗೇಟಿನ ಬಳಿ ಉಮಾಮಹೇಶ್ವರಿ ಅಳುಮುಖ ಮಾಡಿಕೊಂಡು ಓಡಿಬಂದರು. “ಮನೆ ಪಕ್ಕದ ಶಾಲೆ ಬಿಟ್ಟು ದಿನಾ ಶಿವಮೊಗ್ಗಕ್ಕೆ ಹೇಗೆ ಓಡಾಡ್ಲಿ ಸಾರ್? ಆ ಫ್ಲಾಸ್ಕಾದ್ರೂ ಕೊಡಿ. ಬರುವಾಗ ಐಸು ತರ್ಬೇಕಂತೆ.”

ಮೇಷ್ಟ್ರು ಕೊಟ್ಟರು. ಬಸ್ಸು ಕಿಕ್ಕಿರಿದಿತ್ತು. ಹೆಗಲಿಗೆ ಹೆಗಲು ಹಚ್ಚಿ, ಜಾಗ ಬಿಡದೆ, ನಿಂತಲ್ಲೇ ನಡುಗುತ್ತ ಶಿವಮೊಗ್ಗ ತಲುಪಿದರು.

“ಐಸು ಕರಗ್ಲಿಲ್ಲ ತಾನೇ?” ಸತ್ಯಭಾಮಾ ಬಾಗಿಲಲ್ಲೇ ಕೇಳಿದಳು.

“ಇಲ್ಲ ಕಣೇ. ನಾಳೆ ತಿಂಡಿ ಬೇಗ ಮಾಡು, ಏಳೂವರೆ ಬಸ್ಸಿಗೆ ಹೋಗ್ಬೇಕು,” ಎಂದು ಮೇಷ್ಟ್ರು ಚಪ್ಪಲಿ ಬಿಟ್ಟರು.