ನಾಲ್ಕು ಸಲ ತೆಗೆದ ರಕ್ತದ ಬಗ್ಗೆ

ಇಂದ,
ತೃಷಾ, ನರಿಮೊಗರು
ಮೆಡಿಕಲ್ ಕೋಡರ್, ದಾಖಲೆ ವಿಭಾಗ

ಗೆ,
ಶ್ರೀ ಕೃಷ್ಣಮೋಹನ ಅವರು
ಆಡಳಿತಾಧಿಕಾರಿಗಳು, ಆಸ್ಪತ್ರೆ, ಪುತ್ತೂರು

ವಿಷಯ: ಲ್ಯಾಬ್ ಟೆಕ್ನಿಷಿಯನ್ ದಿಶಾಂತರನ್ನು ಕಡಬಕ್ಕೆ ವರ್ಗಾಯಿಸಿದ ಆದೇಶವನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: "ಒಬ್ಬಳೇ ಸಿಬ್ಬಂದಿಯ ರಕ್ತ ನಾಲ್ಕು ಸಲ ತೆಗೆದದ್ದೇಕೆ?" ಎಂಬ ತಮ್ಮ ಸೋಮವಾರದ ನೋಟೀಸು.

ಮಾನ್ಯರೇ,

ಸದರಿ ಅರ್ಜಿದಾರಳು ರೋಗಿಗಳ ಕಡತ ಓದಿ ಕಾಯಿಲೆಗಳಿಗೆ ಕೋಡ್ ಹಾಕುವವಳು. ಸಹಿ ಸರಿಯಿಲ್ಲದ ವರದಿಯನ್ನು ಹಿಂದಿರುಗಿಸುವುದೂ ಆಕೆಯದೇ ಕೆಲಸ.

೧. ಸಿಬ್ಬಂದಿಯ ವಾರ್ಷಿಕ ತಪಾಸಣೆಗೆ ದಿಶಾಂತರು ಆಕೆಯ ರಕ್ತ ತೆಗೆದರು. ಮರುದಿನ "ಹೆಪ್ಪುಗಟ್ಟಿದೆ, ಪುನಃ ಕೊಡಿ" ಎಂದರು. ಮೂರನೇ ದಿನ "ಸಾಕಾಗಲಿಲ್ಲ" ಎಂದರು. ನಾಲ್ಕನೆಯದಕ್ಕೆ ಅವರು ಕಾರಣ ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಅಂಗಿಯ ತೋಳನ್ನು ಮೊದಲೇ ಮೇಲಕ್ಕೆ ಮಡಚಿಕೊಂಡು ಹೋಗಿದ್ದಳು.

೨. ಆಕೆಯೂ ಕಡಿಮೆಯವಳಲ್ಲ. ಅವರ ಹನ್ನೊಂದು ವರದಿಗಳ ಕಚೇರಿ ಪ್ರತಿಯನ್ನು "ಸಹಿ ಸ್ಪಷ್ಟವಿಲ್ಲ" ಎಂದು ಹಿಂದಿರುಗಿಸಿ, ಹನ್ನೊಂದು ಸಲ ಅವರನ್ನು ಮೇಲಿನ ಮಹಡಿಗೆ ಹತ್ತಿಸಿದ್ದಾಳೆ. ಸಹಿ ಮುತ್ತಿನಂತಿತ್ತು. ರೋಗಿಗಳ ಪ್ರತಿ ಮೊದಲೇ ತಲುಪಿದ್ದರಿಂದ ಯಾರಿಗೂ ತೊಂದರೆಯಾಗಿಲ್ಲ.

೩. ಕೊನೆಗೆ ಲ್ಯಾಬಿನ ಹಿರಿಯರಾದ ಸುಹರಕ್ಕ ಫೋನ್ ಮಾಡಿ, "ಎಂತ ಮಾರಾಯ್ತಿ ಇದು! ನಿನ್ನ ಮೊದಲನೇ ಸ್ಯಾಂಪಲೇ ಸರಿ ಉಂಟು. ರಿಪೋರ್ಟ್ ಅವನ ಡ್ರಾಯರಲ್ಲಿ ಉಂಟು. ನಿಮಗಿಬ್ಬರಿಗೂ ಬಾಯಿ ಇಲ್ವಾ?" ಎಂದು ಬೈದರು. ಅರ್ಜಿದಾರಳಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಮೆಟ್ಟಿಲು ಎರಡೆರಡು ಹಾರಿ ಲ್ಯಾಬಿಗೆ ಇಳಿದಳು.

೪. ಖಚಿತವಾಗದ ಕಾಯಿಲೆಗೆ ಕೋಡ್ ಹಾಕುವಂತಿಲ್ಲ, ಲಕ್ಷಣಕ್ಕೆ ಮಾತ್ರ ಹಾಕಬೇಕೆಂಬುದು ನಿಯಮ. ಆ ಕಾರಣ ಆಕೆ ತಿಂಗಳಿಂದ ತನ್ನ ಡೈರಿಯಲ್ಲಿ ಆರ್ ೦೦.೨, ಅಂದರೆ ಎದೆ ಡವಗುಟ್ಟುವುದು, ಎಂದಷ್ಟೇ ಬರೆಯುತ್ತಿದ್ದಳು. ಅಂದು ನೇರ ಕೇಳಿಯೇಬಿಟ್ಟಳು: "ಖಚಿತವಾ?"

"ಅದಕ್ಕೆ ಇನ್ನು ಟೆಸ್ಟ್ ಬೇಡ" ಎಂದರು ದಿಶಾಂತರು. ಡ್ರಾಯರಿನಿಂದ ಆಕೆಯ ಮೊದಲ ವರದಿ ತೆಗೆದು ಕೈಗಿಟ್ಟರು.

೫. ಅದೇ ಸಂಜೆ ತಮ್ಮ ಕಚೇರಿಯಿಂದ ಅವರ ವರ್ಗಾವಣೆ ಆದೇಶ ಬಂತು. ರಕ್ತದ ಸ್ಯಾಂಪಲ್ ಮಾತ್ರ ತೆಗೆಯುವ ಕಡಬದ ಕಲೆಕ್ಷನ್ ಸೆಂಟರಿನಲ್ಲಿ ದಾಖಲೆ ವಿಭಾಗವಿಲ್ಲ. ಆದ್ದರಿಂದ ಆಕೆಗೆ ಅಲ್ಲಿಗೆ ಹೋಗಲು ಯಾವ ನೆವವೂ ಇಲ್ಲ. ಆದಕಾರಣ ಅಳು ಬರುತ್ತಿದೆಯೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

ಆದ್ದರಿಂದ ವರ್ಗಾವಣೆಯನ್ನು ರದ್ದುಪಡಿಸಬೇಕು. ತಪ್ಪಿದಲ್ಲಿ, ಐದನೇ ಸ್ಯಾಂಪಲನ್ನು ಕಡಬದಲ್ಲಿ ಕೊಡಲು ಪ್ರತಿ ಶನಿವಾರ ಅರ್ಧ ದಿನದ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ವರದಿಯ ಪ್ರಕಾರ ಪೂರ್ತಿ ಆರೋಗ್ಯವಂತೆ,
ತೃಷಾ

ಲಗತ್ತುಗಳು:
೧. ಡ್ರಾಯರಿನಿಂದ ಹೊರಬಂದ ಮೊದಲ ವರದಿ (ಎಲ್ಲವೂ ನಾರ್ಮಲ್).
೨. ಹಿಂದಿರುಗಿಸಿದ ವರದಿಗಳ ಪಟ್ಟಿ, ತಪ್ಪೊಪ್ಪಿಗೆ ಸಹಿತ.
೩. "ಖಚಿತ" ಎಂದು ದಿಶಾಂತರು ಬರೆದುಕೊಟ್ಟ ಚೀಟಿ.

ವಿ.ಸೂ.: ಮೂರನೇ ಲಗತ್ತನ್ನು ನೋಡಿದ ಕೂಡಲೇ ಅರ್ಜಿದಾರಳಿಗೆ ಹಿಂದಿರುಗಿಸಬೇಕಾಗಿ ವಿನಂತಿ. ಸಹಿ ಸ್ಪಷ್ಟವಿದೆ.