ಜಮಖಾನದ ಮೇಲೆ ದೊಡ್ಡ ಸಾಹೇಬರು

ಒಳ್ಳೆಯ ಸಾಹೇಬರ ಕೈಕೆಳಗೆ ದುಡಿದವರಿಗೇ ಗೊತ್ತು, ಒಳ್ಳೆಯತನದಿಂದ ಕಚೇರಿಯಲ್ಲಿ ದಿನಾ ಎಂಥೆಂಥ ಪಜೀತಿಗಳು ಆಗುತ್ತಿರುತ್ತವೆ ಅಂತ. ಎಪ್ಪತ್ತರ ದಶಕದ ಕೊನೆಗೆ ನಾನು ರಸ್ತೆ ಕೆಲಸದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ಒಬ್ಬರೇ ಇಂಜಿನಿಯರ್ ಸಾಹೇಬರ ಜೊತೆ ಕೆಲಸ ಮಾಡುವ ಯೋಗ ನನ್ನದಾಯಿತು. ಕಚೇರಿಯಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎಂಬುದು ಅವರ ಹಟ. ಆ ಹಟದಿಂದ ಅವರೂ ನಾವೂ ಪಟ್ಟ ಪಾಡು ನೆನೆದರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ.

ಹೆಡ್ ಕ್ಲಾರ್ಕರ ಪಿತ್ತ

ಆಳಂದದ ಕಚೇರಿಯಲ್ಲಿ ಎಲ್ಲರ ಚಹಾದ ಕಪ್ಪುಗಳು ಕಪಾಟಿನಲ್ಲಿ. ಕಸ ಗುಡಿಸುವ ಮುದುಕಿಯ ಕಪ್ಪು ಮಾತ್ರ ಹೊರಗೆ, ಕಿಟಕಿಯ ಕಟ್ಟೆ ಮೇಲೆ. ಸಾಹೇಬರು ಬಂದ ಹೊಸದರಲ್ಲೇ ಅದನ್ನು ನೋಡಿದರು. ಭಾಷಣ ಬಿಗಿಯಲಿಲ್ಲ. ಆ ಕಪ್ಪನ್ನು ತಾವೇ ತಂದು ಉಳಿದವುಗಳ ಜೊತೆ ಬೆರೆಸಿಟ್ಟು, "ಇನ್ನ ಮ್ಯಾಲ ಯಾವ ಕಪ್ಪು ಯಾರದು ಅಂತ ಕೇಳಬ್ಯಾಡ್ರಿ. ಕೈಗೆ ಸಿಕ್ಕಿದ್ದು ನಿಮ್ಮದು" ಅಂದರು.

ಮರುದಿನದಿಂದ ಹೆಡ್ ಕ್ಲಾರ್ಕರು ಚಹಾ ಬಿಟ್ಟರು. ಕೇಳಿದರೆ, "ಪಿತ್ತ ಆಗೇದ್ರಿ, ಚಹಾ ಆಗಿಬರವಲ್ದು."

ಮುದುಕಿಗೆ ಖರೇನೇ ಕಾಳಜಿ ಆಯಿತೋ, ಒಳಗೊಳಗೇ ನಗು ಬಂದಿತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ. ಮನೆಯಿಂದ ಜೀರಿಗೆ ಕಷಾಯ ಕುದಿಸಿಕೊಂಡು ಬಂದು ಅವರ ಮೇಜಿನ ಮೇಲಿಟ್ಟಳು. "ಪಿತ್ತಕ್ಕ ಇದರಂಥಾ ಔಷಧ ಇಲ್ಲ ಯಪ್ಪಾ. ಬಿಸಿ ಇದ್ದಾಗ ಕುಡೀರಿ."

"ಇಡು, ಆಮ್ಯಾಲ ಕುಡೀತೇನಿ" ಅಂದರು ಹೆಡ್ ಕ್ಲಾರ್ಕರು.

"ಆಮ್ಯಾಲ ಬ್ಯಾಡ್ರಿ," ಒಳಗಿನಿಂದ ಸಾಹೇಬರ ದನಿ ಬಂತು, "ಪಿತ್ತ ಜೋರಾದ್ರ ಕಷ್ಟ."

ಎಲ್ಲರೂ ಕೆಲಸ ಬಿಟ್ಟು ಅವರನ್ನೇ ನೋಡುತ್ತಿದ್ದೆವು. ಪಾಪ, ಕಣ್ಣು ಮುಚ್ಚಿ ಕುಡಿದರು. ಕಹಿ ಎಷ್ಟಿತ್ತೋ, ಮುಖವೇ ಹೇಳುತ್ತಿತ್ತು. ಮುದುಕಿ ಅಷ್ಟಕ್ಕೆ ಬಿಡಲಿಲ್ಲ, ದಿನಾ ತಂದಳು. ಕಡೆಗೊಂದು ದಿನ ಹೆಡ್ ಕ್ಲಾರ್ಕರೇ ಅವಳಿಗೆ ಕೈಮುಗಿದರು: "ಯವ್ವಾ, ನನ್ನ ಪಿತ್ತ ಪೂರಾ ಇಳೀತು. ನಾಳಿಂದ ಚಹಾನೇ ಕೊಡು, ಯಾವ ಕಪ್ಪಿನಾಗಾದ್ರೂ ಕೊಡು!"

ಜೀಪಿಗೂ ಮರ್ಯಾದೆ

ಕಚೇರಿಯಲ್ಲಿ ಯಾರಿಗೂ ಯಾರೂ 'ಲೇ' ಅನ್ನಬಾರದು ಅಂತ ಸಾಹೇಬರು ಹೇಳಿದಾಗ ಹೆಚ್ಚು ಕಂಗಾಲಾದವನು ಡ್ರೈವರ್. ಬೈಗುಳ ಇಲ್ಲದೆ ಅವನ ಜೀಪು ಚಾಲೂ ಆದದ್ದೇ ಇಲ್ಲ. ಒಮ್ಮೆ ಹಿರೋಳ್ಳಿಯ ಹಾದಿಯಲ್ಲಿ ಜೀಪು ನಿಂತುಬಿಟ್ಟಿತು. ಪಕ್ಕದಲ್ಲಿ ಸಾಹೇಬರು, ಹಿಂದೆ ನಾನು. ಡ್ರೈವರ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಸ್ಟೇರಿಂಗಿಗೆ ಹಣೆ ಹಚ್ಚಿ ಅಂದ: "ಚಾಲೂ ಆಗ್ರೀ ಯವ್ವಾ, ನಿಮ್ಮ ಕಾಲಿಗೆ ಬೀಳ್ತೇನಿ. ಸಾಹೇಬ್ರು ಇಳಿದ ಮ್ಯಾಲ ನೋಡ್ಕೊತೇನಿ ನಿಮ್ಮನ್ನ!"

ನಕಾಶೆ ಹಿಡಿದು ಬಯಲಿಗೆ

ಅಫಜಲಪುರದ ಕಚೇರಿಗೆ ಬಂದ ಮೊದಲ ಹೆಣ್ಣುಮಗಳು ನಾನೇ. ಅಲ್ಲಿದ್ದದ್ದು ಒಂದೇ ಸಂಡಾಸ, ಅದೂ ಸಾಹೇಬರದು. ಸಾಹೇಬರು ಅದರ ಕೀಲಿ ತಂದು ನನ್ನ ಕೈಗಿಟ್ಟರು. "ಹೊಸಾದು ಕಟ್ಟೋತನಾ ಇದು ನಿಮ್ಮದೇ ರೀ. ಗಂಡಸರಿಗೆ ಬಯಲು ಅದ."

ಹೇಳುವುದೇನೋ ಹೇಳಿದರು. ಆದರೆ ಇಂಜಿನಿಯರ್ ಸಾಹೇಬರು ತಂಬಿಗೆ ಹಿಡಿದು ಊರ ಮುಂದೆ ನಡೆಯುವುದು ಹೇಗೆ? ತಂಬಿಗೆಯನ್ನು ಕೈಚೀಲದಲ್ಲಿ ಮುಚ್ಚಿಟ್ಟು, ಯಾರಿಗೂ ಸಂಶಯ ಬಾರದಂತೆ ರಸ್ತೆಯ ನಕಾಶೆಯೊಂದನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು.

ಸ್ವಲ್ಪ ದಿನಕ್ಕೆ ರೈತನೊಬ್ಬ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಚೇರಿಗೆ ಬಂದ. "ಸಾಹೇಬ್ರ, ದಿನಾ ನಕಾಶಿ ಹಿಡ್ಕೊಂಡು ನನ್ನ ಹೊಲದ ಬದುವಿಗೆ ಬರಾಕತ್ತೀರಿ. ನಿಮ್ಮ ಕಾಲಿಗೆ ಬೀಳ್ತೇವಿ, ನಮ್ಮ ಹೊಲದಾಗ ರಸ್ತಾ ತರಬ್ಯಾಡ್ರಿ!"

ಸಾಹೇಬರ ಮುಖ ಕೆಂಪಾಯಿತು. ನಾನು ಟೈಪ್ ಮಷೀನಿನ ಹಿಂದೆ ತಲೆ ಬಗ್ಗಿಸಿದೆ.

"ರಸ್ತಾ ಅಲ್ಲಪ್ಪಾ. ನಾ ಬರೋದು... ಅದು... ನೀರಿನ ಕೆಲಸಕ್ಕ."

ರೈತನ ಮುಖ ಅರಳಿತು. "ಕೆನಾಲ್ ಏನ್ರಿ? ಮೊದಲೇ ಹೇಳಬಾರದೇನ್ರಿ! ಹಂಗಿದ್ರ ಬದುವಿಗೆ ಯಾಕ ಕುಂದರ್ತೀರಿ, ಹೊಲದ ನಡುವಿಗೇ ಬರ್ರಿ!"

ಜಮಖಾನ

ಜೇವರ್ಗಿಯಲ್ಲಿ ತಿಂಗಳಿಗೊಮ್ಮೆ ಮೀಟಿಂಗ್. ರಸ್ತೆಗೆ ಖಡಿಕಲ್ಲು ಹಾಕುವ ಗ್ಯಾಂಗಿನ ಗಂಡಸರು, ಹೆಂಗಸರು ಎಲ್ಲರೂ ಬರಬೇಕು ಅಂದರು ಸಾಹೇಬರು. ಕುರ್ಚಿ ಸಾಲಲಿಲ್ಲ. "ಎಲ್ಲರಿಗೂ ಕುರ್ಚಿ ಇಲ್ಲಂದ್ರ ಯಾರಿಗೂ ಬ್ಯಾಡ" ಅಂತ ಜಮಖಾನ ಹಾಸಿಸಿ, ತಾವೂ ಚಕ್ಕಳಮಕ್ಕಳ ಹಾಕಿ ಕೂತರು.

ಇದು ಯಾರ ಬಾಯಿಂದಲೋ ಮೇಲಿನ ದೊಡ್ಡ ಸಾಹೇಬರ ಕಿವಿಗೆ ಬಿತ್ತು. 'ಶಿಸ್ತು ಕೆಟ್ಟುಹೋಗಿದೆ, ಈ ಮನುಷ್ಯನನ್ನು ಎತ್ತಂಗಡಿ ಮಾಡಬೇಕು' ಅಂತ ನಿಶ್ಚಯಿಸಿಯೇ ಅವರು ಮೀಟಿಂಗ್ ದಿನ ಬಂದಿಳಿದರು. ಆಗಿನ ಫ್ಯಾಷನ್ ನೋಡಿ, ಕೆಳಗೆ ಅಗಲ, ಮೇಲೆ ಉಸಿರು ಬಿಡಲಿಕ್ಕೂ ಜಾಗ ಇಲ್ಲದ ಪ್ಯಾಂಟು ಅವರದು. ಬಾಗಿಲಲ್ಲಿ ನಿಂತು ಕುರ್ಚಿ ಹುಡುಕಿದರು. ಕುರ್ಚಿ ಎಲ್ಲಿದೆ? ಗ್ಯಾಂಗಿನ ಹಿರಿಯ ಹೆಂಗಸೊಬ್ಬಳು ಸರಿದು ಪಕ್ಕದ ಜಾಗ ತಟ್ಟಿದಳು: "ಬರ್ರಿ ಯಪ್ಪಾ, ಜಾಗ ಭಾಳ ಅದ."

ಅಷ್ಟು ಜನರ ಮುಂದೆ ಒಲ್ಲೆ ಅನ್ನಲಾಗದೆ ಅವರು ಕೂತರು. ಪ್ಯಾಂಟಿನ ಹೊಲಿಗೆ 'ಪರ್ರ್' ಅಂದಿತು.

ಯಾರೂ ನಗಲಿಲ್ಲ. ನಕ್ಕರೆ ನಮ್ಮ ಸಾಹೇಬರ ಗತಿ ಏನು? ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ದೊಡ್ಡ ಸಾಹೇಬರು ಬೈಯಲು ಬಂದವರು, ಬೈಯಲು ಏಳಬೇಕಲ್ಲ! ಏಳುವಂತಿಲ್ಲ. ಗ್ಯಾಂಗಿನವರು ಒಬ್ಬೊಬ್ಬರಾಗಿ ಶುರು ಮಾಡಿದರು. ಕೆಲಸದ ಹತ್ತಿರ ಕೂಸು ಮಲಗಿಸಲು ನೆರಳು ಬೇಕು. "ಆಯ್ತು" ಅಂದರು. ಕುಡಿಯುವ ನೀರಿನ ಬಂಡಿ ಬೇಕು. "ಆಯ್ತು." ಬಿಸಿ ಡಾಂಬರು ಸುರಿಯುವವರ ಕಾಲಿಗೆ ಬೂಟು ಬೇಕು. "ಆಯ್ತು, ಬರಕೋರಿ." ನಾನು ಬರೆದೆ, ಅವರು ಕೂತಲ್ಲೇ ಸಹಿ ಹಾಕಿದರು. ಎತ್ತಂಗಡಿಯ ಮಾತು ಬಾಯಿಗೆ ಬರಲೇ ಇಲ್ಲ. ಮಾತು ಮುಗಿದರೂ ಅವರು ಏಳಲಿಲ್ಲ.

ಆ ಹೆಂಗಸಿಗೆ ಎಲ್ಲ ಅರ್ಥವಾಗಿತ್ತು. ಸೊಂಟದ ಸಂಚಿಯಿಂದ ಸೂಜಿ ದಾರ ತೆಗೆದು, "ಎಲ್ಲಾರೂ ಗ್ವಾಡಿ ಕಡಿ ಮಾರಿ ಮಾಡ್ರಿ" ಅಂದಳು. ನಾವು, ನಮ್ಮ ಸಾಹೇಬರು, ಎಲ್ಲರೂ ಗೋಡೆ ನೋಡುತ್ತ ನಿಂತೆವು. ಅವಳು ಜಮಖಾನದ ತುದಿ ಅವರಿಗೆ ಹೊದಿಸಿ, ಹರಿದಲ್ಲಿ ಹೊಲಿದು ಕೊಟ್ಟಳು. ಹಲ್ಲಿನಿಂದ ದಾರ ಕಡಿದದ್ದು ಕೇಳಿಸಿತು. ಆಮೇಲೆ ಅವಳ ದನಿ:

"ಹಗೂರಕ ಏಳ್ರಿ ಯಪ್ಪಾ. ಮುಂದಿನ ಸಲಾನೂ ಇದೇ ಪ್ಯಾಂಟ್ ಹಾಕ್ಕೊಂಡು ಬರ್ರಿ. ಇಷ್ಟೊತ್ತು ಕುಂತು ನಮ್ಮ ಮಾತು ಕೇಳಿದ ಸಾಹೇಬ್ರನ್ನ ನಾ ಇವತ್ತೇ ನೋಡಿದ್ದು!"